ಹಳೆಯ ಪ್ಲೇಟಿನಲ್ಲಿ ಹಾಡುತ್ತಿರುವವರು ಯಾರು?

ಮುಂಬೈನ ಚೋರ್ ಬಜಾರಿನಲ್ಲಿ ಕೊಂಡದ್ದಿರಲಿ, ಮಾಟುಂಗಾದ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿದ್ದಿರಲಿ, ಗ್ರಾಮಫೋನ್ ಪ್ಲೇಟಿನ ಲೇಬಲ್ ಹರಿದಿದ್ದರೂ ಹಾಡಿನ ಗುರುತು ಹಿಡಿಯಬಹುದು. ಸ್ಪಿರಿಟ್ ಹಾಕಿ ಮಾತ್ರ ಒರೆಸಬೇಡಿ, ಪ್ಲೇಟಿನ ಅರಗು ಕರಗುತ್ತದೆ.

ಮೊದಲು ಲೇಬಲಿನ ಸುತ್ತಲಿನ ನುಣುಪು ಜಾಗವನ್ನು ಓರೆ ಬೆಳಕಿಗೆ ಹಿಡಿಯಿರಿ. ಅಲ್ಲಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು, ಅಂದರೆ ಧ್ವನಿಮುದ್ರಣದ ಗುರುತಿನ ಸಂಖ್ಯೆಯನ್ನು, ಬರೆದುಕೊಳ್ಳಿ. ಅಕ್ಕಪಕ್ಕದ ಸಂಖ್ಯೆಯ ಪ್ಲೇಟುಗಳು ಬಹುಮಟ್ಟಿಗೆ ಒಂದೇ ಬೈಠಕ್ಕಿನವು, ಅಂದರೆ ಒಂದೇ ಸಲ ಕೂತು ಹಾಡಿ ಮುದ್ರಿಸಿದವು.

ಕಂಪ್ಯೂಟರಿಗೆ ಇಳಿಸಿದಾಗ ಗರಗರ ಇರುವ ಮೂಲವನ್ನೂ ಉಳಿಸಿಕೊಳ್ಳಿ. ಸದ್ದು ತೆಗೆಯುವುದು ಅತಿಯಾದರೆ ತಂಬೂರಿಯೂ ಸ, ಶ, ಚ ಅಕ್ಷರಗಳೂ ಜೊತೆಗೇ ಹೋಗುತ್ತವೆ. ಚೀಜಿನ (ರಾಗದಲ್ಲಿ ಹಾಡುವ ಬಂದಿಶ್‌ನ) ಮಾತು ಬಿಡಿಸಲು ಮೂಲವೇ ಬೇಕು. ಕೊನೆಯ ಸೆಕೆಂಡುಗಳನ್ನು ಕತ್ತರಿಸಲೇಬೇಡಿ. ಆರಂಭದ ಕಲಾವಿದರು ಹಾಡು ಮುಗಿಸಿ ಹೆಸರು ಹೇಳುತ್ತಿದ್ದರು, 1902ರಲ್ಲಿ ಕೋಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಅವರಂತೆ.

ಹೆಚ್ಚಿನವರು ಎಡವುವುದು ವೇಗದಲ್ಲಿ. ಮೈಕ್ ಬರುವ ಮುಂಚೆ ಕಹಳೆಯೆದುರು ಹಾಡಿಸಿದ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತಿನಲ್ಲೇ ಇರುತ್ತಿರಲಿಲ್ಲ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಶೇ 5.4 ಏರುತ್ತದೆ: ಹಾರ್ಮೋನಿಯಂನಲ್ಲಿ ಹೆಚ್ಚುಕಡಿಮೆ ಒಂದು ಮನೆ. ಸ್ವರಗಳ ನಡುವಿನ ಅಂತರ ಬದಲಾಗದ್ದರಿಂದ ರಾಗ ಹಾಗೇ ಸಿಗುತ್ತದೆ. ಕಂಠ ಮಾತ್ರ ತೆಳುವಾಗಿ ಬೇರೆಯವರದಾಗಿಬಿಡುತ್ತದೆ. ಆದ್ದರಿಂದ ವೇಗ ಸರಿಹೋಗುವ ತನಕ ಗಾಯಕರ ಹೆಸರು ಹೇಳಲು ಹೋಗಬೇಡಿ. ಅದೇ ಬೈಠಕ್ಕಿನ ಎರಡು ಮೂರು ಪ್ಲೇಟುಗಳ ಷಡ್ಜ ಹೋಲಿಸಿ, ಹಾರ್ಮೋನಿಯಂ ಇದ್ದರೆ ಅದರ ಶ್ರುತಿಯನ್ನೂ ನೋಡಿ. ಒಂದೇ ಶ್ರುತಿಯನ್ನು ನೆಚ್ಚಬೇಡಿ, ಅಂದಿನ ಪೆಟ್ಟಿಗೆಗಳೆಲ್ಲ ಇಂದಿನ ಶ್ರುತಿಯಲ್ಲಿರಲಿಲ್ಲ.

ನಿಂತ ಸ್ವರ ತೂಗಾಡಿದರೆ ಆಂದೋಲನ (ಗಾಯಕರು ಬೇಕೆಂದೇ ಸ್ವರ ತೂಗಿಸುವುದು) ಎಂದುಕೊಳ್ಳುವ ಮುಂಚೆ ಎಣಿಸಿ. 78 ಸುತ್ತಿನಲ್ಲಿ 10 ಸೆಕೆಂಡಿಗೆ 13 ಸಲ, ತಪ್ಪದೆ, ತೂಗಿದರೆ ಅದು ನಡುವಿನ ತೂತು ಸರಿದದ್ದರ ದೋಷ.

ರಾಗಕ್ಕೆ ಸ್ವರಗಳ ಪಟ್ಟಿ ಸಾಲದು. ಭೂಪ್, ದೇಶ್‌ಕಾರ್ ಎರಡಕ್ಕೂ ಅವೇ ಐದು ಸ್ವರ. ಗಾಂಧಾರದಲ್ಲಿ ನೆಲೆ ನಿಂತರೆ ಭೂಪ್, ಧೈವತದಲ್ಲಾದರೆ ದೇಶ್‌ಕಾರ್. ಪೂರಿಯಾ ಕೆಳಗೆ ಮಂದ್ರದಲ್ಲಿ ಸುಳಿದಾಡುತ್ತದೆ, ಅವೇ ಸ್ವರಗಳ ಸೋಹನಿ ತಾರ ಷಡ್ಜದತ್ತ ಸೆಳೆಯುತ್ತದೆ. 10 ಇಂಚಿನ ಪ್ಲೇಟಿನಲ್ಲಿ ಸಿಗುವುದು ಸುಮಾರು ಮೂರು ನಿಮಿಷ, ಹಾಗಾಗಿ ಮೊದಲ ಮುಖಡವನ್ನೇ (ಹಾಡಿನ ಎತ್ತುಗಡೆಯ ಸಾಲನ್ನೇ) ಮತ್ತೆ ಮತ್ತೆ ಕೇಳಿ.

ಹೆಸರಿನ ಗೊಂದಲ ನಮ್ಮ ಕಡೆಯ ಕಲಾವಿದರಲ್ಲೇ ಜಾಸ್ತಿ. ಮರಾಠಿ ರಂಗಭೂಮಿಯ ಗಾಯಕನಟ ಬಾಲಗಂಧರ್ವರೊಂದಿಗೆ ರಂಗದಲ್ಲಿ ಹಾಡಿದ, ಬೀಳಗಿಯ ಗೋಹರಬಾಯಿ ಕರ್ನಾಟಕಿ ಬೇರೆ, ಗೌಹರ್ ಜಾನ್ ಬೇರೆ. 'ಗಾಂಧಾರಿ' ಎಂದಿದ್ದರೆ ಅದು ಗಂಗೂಬಾಯಿ ಹಾನಗಲ್ ಅವರ ಆರಂಭದ ಹೆಸರು. ಸಂಶಯ ಉಳಿದರೆ ಕಡತದ ಹೆಸರಿನಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ, ಸರಿಪಡಿಸಿದ ವೇಗ, ರಾಗ ಇಷ್ಟೇ ಬರೆದು ಗಾಯಕರ ಜಾಗ ಖಾಲಿ ಬಿಡಿ.