ನೀರು ತುಂಬುತ್ತಲೇ ಇರುವ ವಾಷಿಂಗ್ ಮಷಿನ್: ಪ್ಲಗ್ ಕಿತ್ತು ನೋಡಿದರೆ ಅರ್ಧ ಉತ್ತರ

ಬಟ್ಟೆ ಹಾಕಿ, ಗುಂಡಿ ಒತ್ತಿ, ಒಲೆಯ ಮುಂದೆ ಹೋಗಿ ನಿಂತವರು ಅರ್ಧ ಗಂಟೆ ಕಳೆದು ಬಂದಾಗಲೂ ಯಂತ್ರ ಇನ್ನೂ ನೀರು ಎಳೆದುಕೊಳ್ಳುತ್ತಿದ್ದರೆ, ಕಾರಣ ಹುಡುಕುವುದಕ್ಕೆ ಮುಂಚೆ ಅದಕ್ಕೆ ನೀರು ಕೊಡುವ ನಲ್ಲಿಯನ್ನು ಮುಚ್ಚಬೇಕು. ನಿಮಿಷಕ್ಕೆ 8 ಲೀಟರಿನಂತೆ ಹರಿದರೂ ಒಂದು ಗಂಟೆಗೆ 480 ಲೀಟರ್ ಆಗುತ್ತದೆ. ತಾರಸಿಯ ಮೇಲಿನ 1000 ಲೀಟರಿನ ಟ್ಯಾಂಕು ಎರಡು ಗಂಟೆಯಲ್ಲಿ ಬಹುತೇಕ ಬರಿದಾಗುತ್ತದೆ. ಟ್ಯಾಂಕರಿಗೆ ದುಡ್ಡು ಕೊಟ್ಟು ಸಂಪು ತುಂಬಿಸಿಕೊಳ್ಳುವ ಬೆಂಗಳೂರಿನ ಬಡಾವಣೆಗಳಲ್ಲಿ ಇದು ಎಷ್ಟರ ನಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ನೆಲದ ಮೇಲೆ ನೀರು ಹರಿದಿದ್ದರೆ ಪ್ಲಗ್ಗಿಗೆ ಕೈ ಹಾಕದೆ, ಮೊದಲು ಆ ಭಾಗದ ಎಂಸಿಬಿಯನ್ನು (ಮೀಟರ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್ಚನ್ನು) ಕೆಳಗೆ ಮಾಡಿರಿ.

ಆಮೇಲೆ ಒಂದು ಅನುಮಾನವನ್ನು ಪರಿಹರಿಸಿಕೊಳ್ಳಬೇಕು. ನೀರು ನಿಜವಾಗಿಯೂ ಹೆಚ್ಚಾಗಿ ತುಂಬುತ್ತಿದೆಯೋ, ಅಥವಾ ಬರುವುದೇ ನಿಧಾನವೋ? ನಲ್ಲಿಯಿಂದ ಪೈಪ್ ಬಿಚ್ಚಿ 15 ಲೀಟರಿನ ಬಕೆಟ್ ಇಟ್ಟು ನೋಡಿ. ಎರಡು ಮೂರು ನಿಮಿಷದಲ್ಲಿ ತುಂಬಿದರೆ ಒತ್ತಡ ಸರಿಯಾಗಿಯೇ ಇದೆ. ಹತ್ತು ನಿಮಿಷ ಹಿಡಿದರೆ ಯಂತ್ರದ ತಪ್ಪಿಲ್ಲ. ಟ್ಯಾಂಕು ತೀರಾ ತಗ್ಗಿನಲ್ಲಿದೆ, ಇಲ್ಲವೇ ಪೈಪಿನಲ್ಲಿ ಎಲ್ಲೋ ಕಸ ಕಟ್ಟಿದೆ.

ಒತ್ತಡ ಸರಿಯಿದ್ದರೆ ಮುಂದಿನ ಪ್ರಶ್ನೆ, ನೀರು ಏರುತ್ತಲೇ ಇದೆಯೋ ಅಥವಾ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿದೆಯೋ ಎಂಬುದು. ಯಂತ್ರವನ್ನು ಪಾಜ್‌ನಲ್ಲಿಟ್ಟು, ನಲ್ಲಿ ಮುಚ್ಚಿ, ನೀರಿನ ಮಟ್ಟವನ್ನು ಗುರುತು ಮಾಡಿಕೊಂಡು ಹತ್ತು ನಿಮಿಷ ಕಾಯಬೇಕು. ಮುಂಬಾಗಿಲಿನ ಯಂತ್ರವಾದರೆ ಗಾಜಿನ ಮೇಲೆ ಸ್ಕೆಚ್ ಪೆನ್ನಿನ ಒಂದು ಗೆರೆ ಸಾಕು. ಮಟ್ಟ ಇಳಿದಿದ್ದರೆ ಕೊಳೆನೀರಿನ ಪೈಪಿನ ತುದಿ ಎಲ್ಲಿದೆ ಎಂದು ನೋಡಿ. ಪಂಪಿನಿಂದ ನೀರು ಹೊರಹಾಕುವ ಯಂತ್ರಗಳಲ್ಲಿ ಈ ತುದಿ ಸಾಮಾನ್ಯವಾಗಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು. ನಮ್ಮ ಯುಟಿಲಿಟಿಗಳಲ್ಲಿ ಅದನ್ನು ನೆಲದ ಮೇಲಿನ ಮೋರಿಯ ಬಾಯಿಗೆ ತುರುಕಿಬಿಡುವುದೇ ರೂಢಿ. ಹಾಗಾದಾಗ ಡಬ್ಬದ ಸೀಮೆಎಣ್ಣೆಯನ್ನು ಪೈಪಿನಲ್ಲಿ ಎಳೆದು ಬಿಟ್ಟಂತೆ ಡ್ರಮ್ಮಿನ ನೀರು ತಾನಾಗಿಯೇ ಹೊರಗೆ ಹರಿಯುತ್ತದೆ, ಮಟ್ಟ ಇನ್ನೂ ಬಂದಿಲ್ಲವೆಂದು ಯಂತ್ರ ಮತ್ತಷ್ಟು ತುಂಬಿಕೊಳ್ಳುತ್ತದೆ. ಪೈಪನ್ನು ಎತ್ತಿ ಕಟ್ಟಿದರೆ ಕೆಲಸ ಮುಗಿಯಿತು. ಮೇಲಿನಿಂದ ಬಟ್ಟೆ ಹಾಕುವ ಅನೇಕ ಯಂತ್ರಗಳಲ್ಲಿ ಮಾತ್ರ ಪೈಪ್ ನೆಲದ ಮೇಲಿರುವುದೇ ಸರಿ, ಏಕೆಂದರೆ ಅಲ್ಲಿ ನೀರನ್ನು ತಡೆದು ನಿಲ್ಲಿಸುವುದು ತಳದ ಡ್ರೈನ್ ವಾಲ್ವ್. ಆ ವಾಲ್ವಿನ ಬಾಯಿಗೆ ನಾಣ್ಯವೋ ಹೇರ್‌ಪಿನ್ನೋ ಸಿಕ್ಕಿಕೊಂಡರೆ ನೀರು ಸೋರುತ್ತಲೇ ಇರುತ್ತದೆ.

ನಲ್ಲಿ ಮುಚ್ಚಿದಾಗ ಮಟ್ಟ ಇಳಿಯದೆ, ತೆರೆದಾಗ ಏರುತ್ತಲೇ ಇದ್ದರೆ ಈ ಲೇಖನದ ಮುಖ್ಯ ಪರೀಕ್ಷೆ ಇದು. ನಲ್ಲಿ ತೆರೆದು, ಯಂತ್ರ ನೀರು ತುಂಬಿಕೊಳ್ಳಲು ಶುರುಮಾಡಿದ ಮೇಲೆ, ಒಣಗಿದ ಕೈಯಿಂದ ಗೋಡೆಯ ಸ್ವಿಚ್ ಆರಿಸಿ ಪ್ಲಗ್ಗನ್ನೇ ಕಿತ್ತುಬಿಡಿ. ಯಂತ್ರದ ಮೇಲಿನ ಗುಂಡಿಯಿಂದ ಆರಿಸಿದರೆ ಸಾಲದು, ಏಕೆಂದರೆ ಯಂತ್ರವನ್ನು ನಡೆಸುವ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಆಗಲೂ ವಿದ್ಯುತ್ ತಲುಪುತ್ತಿರುತ್ತದೆ. ಪ್ಲಗ್ ಕಿತ್ತ ಮೇಲೂ ನೀರು ಬರುತ್ತಿದ್ದರೆ ದೋಷ ನೀರನ್ನು ಒಳಬಿಡುವ ಇನ್‌ಲೆಟ್ ವಾಲ್ವಿನದು, ಬೋರ್ಡಿನದಲ್ಲ. ತಕ್ಷಣ ನಿಂತರೆ ವಾಲ್ವ್ ಚೆನ್ನಾಗಿದೆ, ಅದಕ್ಕೆ ತಪ್ಪು ಆಜ್ಞೆ ಹೋಗುತ್ತಿದೆ. ಇದನ್ನು ಮಾಡಿ ನೋಡದೆ ‘ಬೋರ್ಡ್ ಹೋಗಿದೆ’ ಎನ್ನುವವರ ಮಾತಿಗೆ ಒಪ್ಪಬೇಡಿ.

ವಾಲ್ವ್ ಏಕೆ ಮುಚ್ಚಿಕೊಳ್ಳುವುದಿಲ್ಲ?

ಇನ್‌ಲೆಟ್ ವಾಲ್ವಿನ ಒಳಗೆ ರಬ್ಬರಿನ ತೆಳು ಪೊರೆಯೊಂದಿದೆ, ಅದರಲ್ಲಿ ಸೂಜಿಮೊನೆಯಂಥ ರಂಧ್ರವಿದೆ. ವಿದ್ಯುತ್ ಇಲ್ಲದಿದ್ದಾಗ ಆ ರಂಧ್ರದ ಮೂಲಕ ಪೊರೆಯ ಮೇಲ್ಭಾಗಕ್ಕೆ ಸೇರುವ ನೀರು ತನ್ನ ಒತ್ತಡದಿಂದಲೇ ಪೊರೆಯನ್ನು ಕೆಳಕ್ಕೆ ಅದುಮಿ ದಾರಿ ಮುಚ್ಚುತ್ತದೆ. ವಾಲ್ವಿನ ತಂತಿಯ ಸುರುಳಿಗೆ ವಿದ್ಯುತ್ ಹರಿದಾಗ ಒಳಗಿನ ಸಣ್ಣ ಕಡ್ಡಿ ಮೇಲೆದ್ದು, ಮೇಲ್ಭಾಗದ ನೀರಿಗೆ ಹೊರದಾರಿ ಸಿಕ್ಕಿ, ಪೊರೆ ಎದ್ದುಕೊಳ್ಳುತ್ತದೆ. ಅಂದರೆ ವಾಲ್ವನ್ನು ಮುಚ್ಚುವ ಕೆಲಸದ ಬಹುಪಾಲು ನೀರಿನದೇ. ಆ ರಂಧ್ರ ಕಟ್ಟಿಕೊಂಡರೂ, ಪೊರೆಯ ಕೆಳಗೆ ಒಂದು ಮರಳಿನ ಕಣ ಕೂತರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬೋರ್‌ವೆಲ್ ನೀರಿನ ಸುಣ್ಣ, ಟ್ಯಾಂಕರ್ ನೀರಿನ ಮರಳು, ಎಷ್ಟೋ ವರ್ಷ ತೊಳೆಯದ ಸಂಪಿನ ಕೆಸರು ಎಲ್ಲವೂ ಸೇರುವುದು ಇಲ್ಲಿಗೇ. ಟ್ಯಾಂಕಿಗೆ ಸ್ವಲ್ಪವೇ ಕೆಳಗಿರುವ ಮೇಲಂತಸ್ತಿನ ಮನೆಗಳಲ್ಲಿ ಒತ್ತಡವೇ ಸಾಲದೆ ವಾಲ್ವ್ ತೊಟ್ಟಿಕ್ಕುವುದೂ ಉಂಟು; 10 ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ, ಎರಡು ಮೀಟರ್ ಎತ್ತರಕ್ಕೆ ಸಿಗುವುದು ಅದರ ಐದನೇ ಒಂದು ಭಾಗ ಮಾತ್ರ.

ನಾಗರಬಾವಿಯ ನಮ್ಮ ಮನೆಯಲ್ಲಿ ಈ ದೋಷವನ್ನು ಮೊದಲು ತಿಳಿಸಿದ್ದು ವಾಷಿಂಗ್ ಮಷಿನ್ ಅಲ್ಲ, ಪ್ರೆಶರ್ ಪಂಪು. ಎಲ್ಲ ನಲ್ಲಿಗಳೂ ಮುಚ್ಚಿರುವ ನಡುರಾತ್ರಿಯಲ್ಲಿ ಅದು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಗುರ್ರೆಂದು ಎದ್ದು ಸುಮ್ಮನಾಗುತ್ತಿತ್ತು. ಬೆಳಿಗ್ಗೆ ನೋಡಿದರೆ, ಯಾರೂ ಮುಟ್ಟದ ಡ್ರಮ್ಮಿನ ತಳದಲ್ಲಿ ಒಂದು ಚೊಂಬಿನಷ್ಟು ನೀರು. ರಿಪೇರಿಗೆ ಬಂದವರು ಬೋರ್ಡ್ ಬದಲಿಸಬೇಕೆಂದರು. ಪ್ಲಗ್ ಕಿತ್ತು, ಸೋಪಿನಪುಡಿ ಹಾಕುವ ಡ್ರಾಯರನ್ನು ಹೊರಗೆಳೆದು ತೋರಿಸಿದಾಗ ಅದರ ಹಿಂದಿನಿಂದ ದಾರದಂತೆ ನೀರು ಇಳಿಯುತ್ತಿತ್ತು. ವಾಲ್ವಿನ ಬಾಯಲ್ಲಿ ಇರಬೇಕಾದ ಜಾಲರಿಯೂ ಇರಲಿಲ್ಲ. ಹಿಂದೊಮ್ಮೆ ಬಂದಿದ್ದ ಇನ್ನೊಬ್ಬರು ‘ಇದು ಇಲ್ದಿದ್ರೆ ನೀರು ಸ್ಪೀಡಾಗಿ ಬರುತ್ತೆ ಬಿಡಿ ಸಾರ್’ ಎಂದು ಇಕ್ಕಳದಲ್ಲಿ ಕಿತ್ತು ಬಿಸಾಡಿದ್ದು ಆಗ ನೆನಪಾಯಿತು. ಹೊಸ ವಾಲ್ವ್ ಹಾಕಿಸಿದ ಮೇಲೆ ಹಳೆಯದನ್ನು ಗರಗಸದಲ್ಲಿ ಕೊಯ್ದು ನೋಡಿದೆ: ರಬ್ಬರಿನ ಅಂಚಿನಲ್ಲಿ, ಸಾಸಿವೆಗಿಂತ ಚಿಕ್ಕದಾದ ಒಂದು ಕಲ್ಲಿನ ಕಣ ತನ್ನದೇ ಗುಳಿ ಮಾಡಿಕೊಂಡು ಕೂತಿತ್ತು.

ಜಾಲರಿ ತೊಳೆಯುವುದು ಮನೆಯವರೇ ಮಾಡಬಹುದಾದ ಕೆಲಸ. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಕೆಳಗೊಂದು ಪಾತ್ರೆ ಇಟ್ಟು, ಯಂತ್ರದ ಹಿಂದಿನ ಪೈಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿರಿ. ಒಳಗೆ ಕಾಣುವ ಪ್ಲಾಸ್ಟಿಕ್ ಜಾಲರಿಯ ನಡುವಿನ ಮೊಳಕೆಯನ್ನು ಇಕ್ಕಳದಲ್ಲಿ ಹಿಡಿದು ನೇರವಾಗಿ ಎಳೆದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಬಿಳಿ ಪದರ ಗಟ್ಟಿಯಾಗಿದ್ದರೆ ಅರ್ಧ ಗಂಟೆ ವಿನೆಗರಿನಲ್ಲಿ ನೆನೆಸಿರಿ. ಹರಿದಿದ್ದರೆ ಹೊಸದು ಹಾಕಬೇಕು, ಇಲ್ಲದೆ ಓಡಿಸಬಾರದು. ಇಷ್ಟಾದರೂ ವಾಲ್ವ್ ಸೋರಿದರೆ ಅದನ್ನೇ ಬದಲಿಸುವುದು ಲೇಸು, ಬಿಚ್ಚಿ ಸರಿಮಾಡುವಂತೆ ಅದನ್ನು ಸಾಮಾನ್ಯವಾಗಿ ಕಟ್ಟಿರುವುದಿಲ್ಲ. ಅಂಗಡಿಗೆ ಹೋಗುವಾಗ ಯಂತ್ರದ ಮಾಡೆಲ್ ಸಂಖ್ಯೆಯ ಜೊತೆಗೆ ಹಳೆಯ ವಾಲ್ವಿನ ಫೋಟೊವನ್ನೂ ಇಟ್ಟುಕೊಳ್ಳಿ. ಒಂದು ಬಾಯಿಯದು, ಎರಡು ಬಾಯಿಯದು, ಮೂರು ಬಾಯಿಯದು ಎಂದು ಬಗೆಗಳಿವೆ.

ಪ್ಲಗ್ ಕಿತ್ತೊಡನೆ ನೀರು ನಿಂತರೆ

ಆಗ ನೋಡಬೇಕಾದದ್ದು ನೀರಿನ ಮಟ್ಟ ಅಳೆಯುವ ವ್ಯವಸ್ಥೆಯನ್ನು. ಡ್ರಮ್ಮಿನ ತಳದಿಂದ ಪೆನ್ಸಿಲ್ ದಪ್ಪದ ರಬ್ಬರ್ ಕೊಳವೆಯೊಂದು ಮೇಲಿನ ಪ್ರೆಶರ್ ಸ್ವಿಚ್ಚಿಗೋ ಸೆನ್ಸರಿಗೋ ಹೋಗಿರುತ್ತದೆ. ನೀರು ಏರಿದಂತೆ ಕೊಳವೆಯಲ್ಲಿ ಸಿಕ್ಕಿಬಿದ್ದ ಗಾಳಿ ಒತ್ತಿಕೊಳ್ಳುತ್ತದೆ, ಆ ಒತ್ತಡವನ್ನೇ ಯಂತ್ರ ನೀರಿನ ಮಟ್ಟವೆಂದು ಓದುತ್ತದೆ. ಕೊಳವೆ ಕಳಚಿದ್ದರೆ, ಇಲಿ ಕಡಿದಿದ್ದರೆ, ಇಲ್ಲವೇ ಕೆಳಬಾಯಿಯಲ್ಲಿ ಸೋಪಿನ ಜಿಡ್ಡು ಕಟ್ಟಿದ್ದರೆ ಡ್ರಮ್ ತುಂಬಿ ತುಳುಕಿದರೂ ಯಂತ್ರದ ಲೆಕ್ಕದಲ್ಲಿ ಅದು ಖಾಲಿ. ಗಡಸು ನೀರಿನಲ್ಲಿ ನೊರೆ ಬರಲಿಲ್ಲವೆಂದು ಎರಡು ಚಮಚ ಪುಡಿ ಹೆಚ್ಚಿಗೆ ಸುರಿಯುವ ಮನೆಗಳಲ್ಲಿ ಈ ಜಿಡ್ಡು ಬೇಗ ಕಟ್ಟುತ್ತದೆ.

ಪ್ಲಗ್ ಕಿತ್ತಿರುವುದನ್ನು ಮತ್ತೊಮ್ಮೆ ಖಚಿತಪಡಿಸಿಕೊಂಡು, ಡ್ರಮ್ಮಿನ ನೀರು ಖಾಲಿ ಮಾಡಿರಿ. ಮುಂಬಾಗಿಲಿನ ಯಂತ್ರದಲ್ಲಿ ಕೆಳಮೂಲೆಯ ಚಿಕ್ಕ ಮುಚ್ಚಳದ ಹಿಂದೆ ಫಿಲ್ಟರ್ ಇರುತ್ತದೆ; ಅಗಲವಾದ ತಟ್ಟೆ ಇಟ್ಟು ಸ್ವಲ್ಪ ಸ್ವಲ್ಪವಾಗಿ ತಿರುಗಿಸಬೇಕು, ಬಿಸಿನೀರಿನ ಒಗೆತ ಹಾಕಿದ್ದರೆ ಆರುವವರೆಗೆ ಮುಟ್ಟಬಾರದು. ಅನಂತರ ಹಿಂದಿನ ಸ್ಕ್ರೂಗಳನ್ನು ತೆಗೆದು ಮೇಲಿನ ಹಲಗೆಯನ್ನು ಹಿಂದಕ್ಕೆ ಸರಿಸಿ, ಕೊಳವೆಯನ್ನು ಸೆನ್ಸರಿನ ಕಡೆಯಿಂದ ಬಿಡಿಸಿ, ಡ್ರಮ್ಮಿನ ಕಡೆಗೆ ಊದಿ ನೋಡಿ. ಗಾಳಿ ಸಲೀಸಾಗಿ ಹೋಗಬೇಕು. ತಡೆದರೆ ಕೆಳತುದಿಯನ್ನೂ ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಳಗೆ ಹನಿ ಉಳಿಯದಂತೆ ಒಣಗಿಸಿ ಹಾಕಿರಿ. ಹಳೆಯ ಮಾದರಿಯ ಸ್ವಿಚ್ಚಾದರೆ ಅದರ ಬಾಯಿಗೆ ಮೆಲ್ಲಗೆ ಊದಿದಾಗ ಟಿಕ್ ಎಂಬ ಸದ್ದು ಕೇಳಿಸಬೇಕು. ಎಲೆಕ್ಟ್ರಾನಿಕ್ ಸೆನ್ಸರ್ ಸದ್ದು ಮಾಡುವುದಿಲ್ಲ, ಅದರೊಳಗೆ ಜೋರಾಗಿ ಊದುವುದೂ ಸಲ್ಲದು. ಪರದೆಯ ಮೇಲೆ ಮೂಡುವ ಅಕ್ಷರಗಳೂ ಇಲ್ಲಿ ನೆರವಾಗುತ್ತವೆ: ಎಲ್‌ಜಿ ಯಂತ್ರಗಳಲ್ಲಿ ‘ಎಫ್‌ಇ’ ಎಂದರೆ ನೀರು ಮಿತಿ ಮೀರಿದೆ, ‘ಪಿಇ’ ಎಂದರೆ ಮಟ್ಟದ ಸೆನ್ಸರಿನಲ್ಲಿ ತೊಂದರೆಯಿದೆ.

ಕೊಳವೆಯೂ ಸೆನ್ಸರೂ ಸರಿಯಿದ್ದರೆ ಮಾತ್ರ ಬೋರ್ಡಿನ ಸರದಿ. ಪ್ಲಗ್ ಹಾಕಿ, ಯಾವ ಪ್ರೋಗ್ರಾಮನ್ನೂ ಆಯ್ದುಕೊಳ್ಳದೆ ಸುಮ್ಮನೆ ಬಿಟ್ಟಾಗಲೇ ನೀರು ಹರಿದರೆ, ವಾಲ್ವಿಗೆ ವಿದ್ಯುತ್ ಹರಿಸುವ ಟ್ರಯಾಕ್ ಎಂಬ ಬಿಡಿಭಾಗ ಸುಟ್ಟು ಸದಾ ಚಾಲೂ ಸ್ಥಿತಿಯಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಕರೆಂಟ್ ಹೋಗಿ ಬರುವಾಗಿನ ಏರಿಳಿತದಿಂದ ಹೀಗಾಗಬಹುದು. ಬೆಚ್ಚಗಿನ ಜಾಗವೆಂದು ಒಳಹೊಕ್ಕ ಹಲ್ಲಿಯಿಂದಲೂ ಆಗಬಹುದು. ಇದಕ್ಕೆ ಕೈ ಹಾಕುವುದು ಬೇಡ, ಬಲ್ಲವರನ್ನು ಕರೆಯಿರಿ. ಆ ಒಂದು ಭಾಗವನ್ನಷ್ಟೇ ಬದಲಿಸಲು ಆಗುತ್ತದೆಯೇ ಎಂದು ಕೇಳುವುದನ್ನು ಮರೆಯಬೇಡಿ.

ಯಾವ ರಿಪೇರಿಯಾದರೂ, ಬಂದವರನ್ನು ಕಳಿಸುವ ಮುಂಚೆ ಒಂದು ಕೆಲಸ ಬಾಕಿ ಇರುತ್ತದೆ. ಸೋಪಿನ ಡ್ರಾಯರನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ನಲ್ಲಿಯನ್ನು ಪೂರ್ತಿ ತೆರೆದು, ಪ್ಲಗ್ ಹಾಕಿದರೂ ಯಂತ್ರವನ್ನು ಚಾಲೂ ಮಾಡದೆ ಅವರಿಗೊಂದು ಕಾಫಿ ಕೊಟ್ಟು ಅರ್ಧ ಗಂಟೆ ಕೂರಿಸಿಕೊಳ್ಳಿ. ಆಮೇಲೆ ಡ್ರಾಯರಿನ ಹಿಂಭಾಗಕ್ಕೆ ಬೆರಳಿಟ್ಟಾಗ ಒದ್ದೆಯಾಗದಿದ್ದರೆ ದುಡ್ಡು ಕೊಡಬಹುದು.