ಎರಡು ಊರು, ಒಂದೇ ಪಾಲಿಕೆ: ಜಾವಾಸ್ಕ್ರಿಪ್ಟ್ ಪುಟಕ್ಕೆ ಪಿಎಚ್‌ಪಿ ಜೋಡಿಸುವುದು ಹೇಗೆ?

ಗದಗ-ಬೆಟಗೇರಿಯಲ್ಲಿ ನಮ್ಮ ಅಕ್ಕ ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಫೋನಿನಲ್ಲಿ ಆರ್ಡರ್ ಬರೆದುಕೊಂಡು ಬರೆದುಕೊಂಡು ಸಾಕಾಗಿ ಒಂದು ವೆಬ್ ಪುಟ ಮಾಡಿಕೊಡು ಅಂದಳು. ಹುಬ್ಬಳ್ಳಿಯಲ್ಲಿ ಕೂತು ಮಾಡಿಕೊಟ್ಟೆ. ಮೊದಲ ದಿನವೇ ಫೋನ್ ಬಂತು: "ತಮ್ಮಾ, ಆರ್ಡರ್ ಬಂದಾವು. ಆದ್ರ ಹೆಸರೂ ಇಲ್ಲ, ನಂಬರೂ ಇಲ್ಲ. ರೊಟ್ಟಿ ಯಾರಿಗೆ ಕಳಸ್ಲಿ?"

ಪುಟ ಸರಿ ಇತ್ತು, ಡೇಟಾಬೇಸ್ ಕೂಡ ಸರಿ ಇತ್ತು. ತಪ್ಪಿದ್ದದ್ದು ಇವೆರಡರ ನಡುವೆ. ಅಲ್ಲಿ ಏನೇನು ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ. (ಫೈಲಿನ ಹೆಸರು, ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.)

ಜಾವಾಸ್ಕ್ರಿಪ್ಟ್ ಓಡುವುದು ಗಿರಾಕಿಯ ಫೋನಿನೊಳಗೆ. ಪಿಎಚ್‌ಪಿ ಓಡುವುದು ಎಲ್ಲೋ ದೂರದ ಸರ್ವರ್‌ನಲ್ಲಿ. ಎರಡೂ 1995ರಲ್ಲೇ ಹೊರಬಂದವು, ಆದರೆ ಒಂದಕ್ಕೊಂದು ಮುಖ ನೋಡುವುದಿಲ್ಲ, ಪತ್ರ ಬರೆದುಕೊಳ್ಳುತ್ತವೆ ಅಷ್ಟೇ. ಆ ಪತ್ರದ ಹೆಸರು ಜೇಸನ್. ಸಣ್ಣ ವ್ಯಾಪಾರಕ್ಕೆ ಪಿಎಚ್‌ಪಿಯೇ ಯಾಕೆ ಅಂದರೆ, ಕಡಿಮೆ ದುಡ್ಡಿನ ಹೋಸ್ಟಿಂಗ್‌ನಲ್ಲೂ (ಬಾಡಿಗೆಗೆ ಸಿಗುವ ಸರ್ವರ್ ಜಾಗ) ಅದು ಸಿದ್ಧವಾಗಿ ಸಿಗುತ್ತದೆ. ಫೈಲ್ ಹಾಕಿದರೆ ಓಡುತ್ತದೆ. ಬೇರೆ ಏನನ್ನೂ ಹಗಲು ರಾತ್ರಿ ಚಾಲೂ ಇಡಬೇಕಿಲ್ಲ.

ಮೊದಲು ಪತ್ರದಲ್ಲಿ ಏನಿರಬೇಕು ಅಂತ ಕಾಗದದ ಮೇಲೆ ಬರೆಯಿರಿ. ಹೆಸರು, ಫೋನ್, ವಿಳಾಸ, ಯಾವ ಪದಾರ್ಥ, ಎಷ್ಟು. ಎರಡೂ ಕಡೆ ಅದೇ ಹೆಸರು, ಅದೇ ಕಾಗುಣಿತ ಇರಬೇಕು. ದರವನ್ನು ಮಾತ್ರ ಪುಟದಿಂದ ಕಳಿಸಬೇಡಿ. ಬ್ರೌಸರ್‌ನಲ್ಲಿ ಇರುವುದನ್ನು ಯಾರು ಬೇಕಾದರೂ ತಿದ್ದಬಹುದು, ನೂರು ರೊಟ್ಟಿಗೆ ಒಂದು ರೂಪಾಯಿ ಅಂತ ಬರೆದು ಕಳಿಸಬಹುದು. ದರವನ್ನು ಪಿಎಚ್‌ಪಿ ತನ್ನ ಡೇಟಾಬೇಸಿನಿಂದಲೇ ತೆಗೆದು ಲೆಕ್ಕ ಹಾಕಲಿ.

ಹೆಸರು ಎಲ್ಲಿ ಹೋಯಿತು?

ಪುಟದಲ್ಲಿ ಫೆಚ್ ಅನ್ನುವ ಫಂಕ್ಷನ್ ಬಳಸಿ, ಪೋಸ್ಟ್ ವಿಧಾನದಲ್ಲಿ, ಮಾಹಿತಿಯನ್ನು ಜೇಸನ್ ಮಾಡಿ ಕಳಿಸಿದ್ದೆ. ಪಿಎಚ್‌ಪಿಯಲ್ಲಿ ಎಲ್ಲರೂ ಕಲಿಯುವ ಹಾಗೆ ಡಾಲರ್-ಅಂಡರ್‌ಸ್ಕೋರ್-ಪೋಸ್ಟ್ ಡಬ್ಬಿಯಲ್ಲಿ ಹುಡುಕಿದ್ದೆ. ಆ ಡಬ್ಬಿ ತುಂಬುವುದು ಹಳೆಯ ಮಾದರಿಯ ಫಾರ್ಮ್ ಬಂದಾಗ ಮಾತ್ರ. ಜೇಸನ್ ಬಂದರೆ ಅದು ಖಾಲಿ! ಬಂದ ಪತ್ರ ಪಿಎಚ್‌ಪಿ ಇನ್‌ಪುಟ್ ಅನ್ನುವ ಬೇರೆ ಜಾಗದಲ್ಲಿ ಹಾಗೇ ಬಿದ್ದಿರುತ್ತದೆ. ಫೈಲ್ ಗೆಟ್ ಕಂಟೆಂಟ್ಸ್ ಬಳಸಿ ಅದನ್ನು ಓದಿ, ಜೇಸನ್ ಡಿಕೋಡ್ ಮಾಡಿ, ಎರಡನೇ ಜಾಗದಲ್ಲಿ ಟ್ರೂ ಅಂತ ಕೊಟ್ಟರೆ ಅರೇ, ಅಂದರೆ ಹೆಸರು ಹಚ್ಚಿದ ಪಟ್ಟಿ, ಸಿಗುತ್ತದೆ. ಒಂದು ಸಾಲಿನ ಕೆಲಸ. ನನಗೆ ಒಂದು ಇಡೀ ಸಂಜೆ ಹೋಯಿತು.

ಓದಿದ ಮೇಲೆ ಹೆಸರು ಖಾಲಿ ಇದೆಯಾ, ಫೋನ್‌ನಲ್ಲಿ ಹತ್ತು ಅಂಕಿ ಇವೆಯಾ ನೋಡಿ. ತಪ್ಪಿದ್ದರೆ 422 ("ಕಳಿಸಿದ ಮಾಹಿತಿ ಸರಿ ಇಲ್ಲ" ಅನ್ನುವ ಸಂಕೇತ) ಅಂತ ಉತ್ತರ ಕಳಿಸಿ, ಡೇಟಾಬೇಸ್ ಮುಟ್ಟಬೇಡಿ. ನಾನು ಇದನ್ನು ಮಾಡಿದ್ದರೆ ಖಾಲಿ ಆರ್ಡರ್ ಒಳಗೆ ಬರುತ್ತಲೇ ಇರಲಿಲ್ಲ. ಡೇಟಾಬೇಸಿಗೆ ಬರೆಯುವಾಗ ಪಿಡಿಒ (ಪಿಎಚ್‌ಪಿ ಡೇಟಾಬೇಸಿನ ಜೊತೆ ಮಾತಾಡುವ ಸಾಧನ) ಮತ್ತು ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆಜ್ಞೆ ಬೇರೆ, ಗಿರಾಕಿಯ ಮಾಹಿತಿ ಬೇರೆಯಾಗಿ ಕಳಿಸುವ ವಿಧಾನ) ಬಳಸಿ. ಗಿರಾಕಿ ಬರೆದದ್ದನ್ನು ನೇರ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ಸಾಲಿಗೆ ಅಂಟಿಸುವುದು ಯಾವತ್ತೂ ಬೇಡ.

ಇನ್ನೊಂದು, ನಮ್ಮ ಕಡೆಯವರು ಹೆಸರು, ವಿಳಾಸವನ್ನು ಕನ್ನಡದಲ್ಲೇ ಬರೆಯುತ್ತಾರೆ, ಅಲ್ವಾ? ಟೇಬಲ್ಲು ಮತ್ತು ಪಿಡಿಒ ಸಂಪರ್ಕ ಎರಡರಲ್ಲೂ ಅಕ್ಷರ ಇಡುವ ಮಾದರಿ ಯುಟಿಎಫ್8ಎಂಬಿ4 ಅಂತ ಕೊಡಿ. ಒಂದು ಕಡೆ ಮರೆತರೂ "ಲಕ್ಷ್ಮೇಶ್ವರ" ಅಂತ ಬರೆದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಕೂತಿರಬಹುದು. ಹಾಗೆ ಹಾಳಾಗಿ ಉಳಿದ ಅಕ್ಷರ ಆಮೇಲೆ ವಾಪಸ್ ಬರುವುದಿಲ್ಲ.

ಕೆಂಪು ಅಕ್ಷರದ ತಡೆ

ಮುಂದೆ ಎಲ್ಲರೂ ಎಡವುವ ಜಾಗ ಕಾರ್ಸ್, ಅಂದರೆ ಒಂದು ವಿಳಾಸದ ಪುಟ ಇನ್ನೊಂದು ವಿಳಾಸದ ಸರ್ವರ್ ಜೊತೆ ಮಾತಾಡಲು ಬೇಕಾದ ಅನುಮತಿಯ ನಿಯಮ. ಪುಟ ಒಂದು ವಿಳಾಸದಲ್ಲಿದ್ದು ಪಿಎಚ್‌ಪಿ ಇನ್ನೊಂದರಲ್ಲಿದ್ದರೆ, ಬ್ರೌಸರ್ ಉತ್ತರವನ್ನು ಪುಟಕ್ಕೆ ಕೊಡುವುದಿಲ್ಲ, ಕೆಂಪಗೆ ಬೈಯುತ್ತದೆ. ಡೊಮೈನ್ ಅಷ್ಟೇ ಅಲ್ಲ, ಎಚ್‌ಟಿಟಿಪಿ-ಎಚ್‌ಟಿಟಿಪಿಎಸ್ ವ್ಯತ್ಯಾಸವಾದರೂ, ಪೋರ್ಟ್ ನಂಬರ್ ಬೇರೆಯಾದರೂ ಅದಕ್ಕೆ ಬೇರೆ ಊರೇ. ಜೇಸನ್ ಕಳಿಸುವಾಗಲಂತೂ ಮೊದಲು ಆಪ್ಷನ್ಸ್ ಅನ್ನುವ ವಿನಂತಿ ಕಳಿಸಿ "ಬರಬಹುದಾ" ಅಂತ ಕೇಳುತ್ತದೆ, ಸರಿಯಾದ ಉತ್ತರ ಬಾರದಿದ್ದರೆ ನಿಜವಾದ ಆರ್ಡರ್ ಹೊರಡುವುದೇ ಇಲ್ಲ.

ಪಿಎಚ್‌ಪಿ ಉತ್ತರದ ಅನುಮತಿ ಸಾಲಿನಲ್ಲಿ ಸುಮ್ನೆ ಒಂದು ನಕ್ಷತ್ರ ಚಿಹ್ನೆ ಹಾಕಿ ಎಲ್ಲರಿಗೂ ಬಾಗಿಲು ತೆರೆಯಿರಿ ಅನ್ನುವವರು ಜಾಸ್ತಿ. ನನಗೆ ಅದು ಒಪ್ಪಿಗೆ ಇಲ್ಲ. ಲಾಗಿನ್ ಕುಕೀ ಜೊತೆ ಕಳಿಸಿದರೆ ಆ ನಕ್ಷತ್ರ ನಡೆಯುವುದೂ ಇಲ್ಲ. ಹುಬ್ಬಳ್ಳಿ, ಧಾರವಾಡ ಎರಡು ಊರು, ನಡುವೆ 20 ಕಿಲೋಮೀಟರ್ ದಾರಿ, ಆದರೆ 1962ರಲ್ಲಿ ಎರಡಕ್ಕೂ ಸೇರಿಸಿ ಒಂದೇ ಪಾಲಿಕೆ ಮಾಡಿದರು. ನಿಮ್ಮ ಪುಟ ಮತ್ತು ಪಿಎಚ್‌ಪಿಯನ್ನೂ ಹಾಗೇ ಇಡಿ. ಒಂದೇ ಡೊಮೈನ್, ಅದರೊಳಗೆ ಪಿಎಚ್‌ಪಿ ಫೈಲುಗಳಿಗೆ ಎಪಿಐ ಅಂತ ಒಂದು ಫೋಲ್ಡರ್. ಕಾರ್ಸ್ ಪ್ರಶ್ನೆಯೇ ಏಳುವುದಿಲ್ಲ.

ನಿಮ್ಮ ಕಂಪ್ಯೂಟರಿನಲ್ಲೂ ಇದನ್ನೇ ಮಾಡಬಹುದು. ಜಾವಾಸ್ಕ್ರಿಪ್ಟ್ ಪುಟ ಕಟ್ಟುವ ಸಾಧನ ವೀಟ್ ಬಳಸುತ್ತಿದ್ದರೆ ಪುಟ 5173ನೇ ಪೋರ್ಟ್‌ನಲ್ಲಿ ಓಡುತ್ತದೆ. ಪಿಎಚ್‌ಪಿಯನ್ನು ಅದರದೇ ಪುಟ್ಟ ಸರ್ವರ್‌ನಿಂದ 8000ದಲ್ಲಿ ಚಾಲೂ ಮಾಡಿ. ವೀಟ್‌ನ ಸೆಟ್ಟಿಂಗ್ ಫೈಲಿನಲ್ಲಿ ಪ್ರಾಕ್ಸಿ (ವಿನಂತಿಯನ್ನು ಬೇರೆ ಕಡೆ ದಾಟಿಸುವ ನಿಯಮ) ಬರೆದು, ಎಪಿಐನಿಂದ ಶುರುವಾಗುವ ವಿನಂತಿ ಎಲ್ಲಾ 8000ಕ್ಕೆ ಹೋಗಲಿ ಅನ್ನಿ. ಫೆಚ್‌ನಲ್ಲಿ ಮಾತ್ರ ಪೂರ್ತಿ ವಿಳಾಸ ಬೇಡ, ಬರೀ /ಎಪಿಐ/ಆರ್ಡರ್.ಪಿಎಚ್‌ಪಿ ಸಾಕು. ಲೋಕಲ್‌ಹೋಸ್ಟ್ (ಅಂದರೆ "ಇದೇ ಯಂತ್ರ") ಅಂತ ಬರೆದು ಮರೆತರೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲಾ ನಡೆಯುತ್ತದೆ, ಗಿರಾಕಿಯ ಫೋನಿನಲ್ಲಿ ಏನೂ ನಡೆಯುವುದಿಲ್ಲ. ಯಾಕೆಂದರೆ ಆ ಫೋನ್ ತನ್ನೊಳಗೇ ಸರ್ವರ್ ಹುಡುಕುತ್ತಿರುತ್ತದೆ.

ಸರ್ವರ್‌ಗೆ ಏರಿಸುವುದು

ಪುಟದ ಫೈಲುಗಳನ್ನು ಸರ್ವರ್‌ಗೆ ಸಿದ್ಧ ಮಾಡಲು ಟರ್ಮಿನಲ್‌ನಲ್ಲಿ ಎನ್‌ಪಿಎಂ ರನ್ ಬಿಲ್ಡ್ ಅನ್ನುವ ಆಜ್ಞೆ ಕೊಡಿ. ಡಿಸ್ಟ್ ಫೋಲ್ಡರ್ ಹುಟ್ಟುತ್ತದೆ. ಅದರೊಳಗೆ ಇರುವುದನ್ನೆಲ್ಲಾ ಹೋಸ್ಟಿಂಗ್‌ನ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿಗೆ ಹಾಕಿ. ಫೋಲ್ಡರನ್ನಲ್ಲ, ಒಳಗಿನದ್ದನ್ನು. ಅಲ್ಲೇ, ಅವುಗಳ ಪಕ್ಕದಲ್ಲೇ ಎಪಿಐ ಫೋಲ್ಡರ್. ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲ್ ಮಾತ್ರ ಪಬ್ಲಿಕ್ ಎಚ್‌ಟಿಎಂಎಲ್‌ನ ಹೊರಗೆ, ಒಂದು ಮೆಟ್ಟಿಲು ಮೇಲೆ ಇರಲಿ.

ಒಳಪುಟದಲ್ಲಿದ್ದಾಗ ರಿಫ್ರೆಶ್ ಮಾಡಿದರೆ 404 ಬಂತೇ? ಅಂಥ ಫೈಲ್ ನಿಜಕ್ಕೂ ಇಲ್ಲ, ಜಾವಾಸ್ಕ್ರಿಪ್ಟ್ ಮಾತ್ರ ಅದನ್ನು ಬಲ್ಲದು. ಅಪಾಚೆ ಸರ್ವರ್ ಆದರೆ ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ನಿಯಮ ಬರೆಯಿರಿ: ಕೇಳಿದ ಫೈಲ್ ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಇಂಡೆಕ್ಸ್ ಪುಟ ಕೊಡು. ಎಪಿಐ ಫೋಲ್ಡರನ್ನು ಈ ನಿಯಮದಿಂದ ಹೊರಗಿಡಿ.

ವಿಂಡೋಸ್‌ನಲ್ಲಿ ನಡೆದದ್ದು ಸರ್ವರ್‌ನಲ್ಲಿ ನಡೆಯದಿದ್ದರೆ ಫೈಲಿನ ಹೆಸರು ನೋಡಿ. ಸರ್ವರ್ ಓಡಿಸುವ ಲಿನಕ್ಸ್‌ಗೆ ಇಂಗ್ಲಿಷಿನ ದೊಡ್ಡ ಓ ಬೇರೆ, ಚಿಕ್ಕ ಓ ಬೇರೆ. ಎಲ್ಲಾ ಚಿಕ್ಕ ಅಕ್ಷರದಲ್ಲಿ ಇಡುವುದು ಒಳ್ಳೆಯ ರೂಢಿ.

"ಅನ್‌ಎಕ್ಸ್‌ಪೆಕ್ಟೆಡ್ ಟೋಕನ್" ಅಂತ ಬಂದು ಪಕ್ಕದಲ್ಲಿ ಬಾಣದ ಮೊನೆಯಂಥ ಗುರುತು ಕಂಡರೆ ಜಾವಾಸ್ಕ್ರಿಪ್ಟನ್ನು ಬೈಯಬೇಡಿ. ಅದು ಜೇಸನ್ ಕೇಳಿತ್ತು, ಸಿಕ್ಕಿದ್ದು ಎಚ್‌ಟಿಎಂಎಲ್. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ ಆ ವಿನಂತಿಯ ಮೇಲೆ ಕ್ಲಿಕ್ ಮಾಡಿ, ರೆಸ್ಪಾನ್ಸ್ ಓದಿ. ಸಾಮಾನ್ಯವಾಗಿ ಅಲ್ಲಿ ಪಿಎಚ್‌ಪಿಯ ಎಚ್ಚರಿಕೆ ಇರುತ್ತದೆ, ಇಲ್ಲವೇ ತಪ್ಪು ವಿಳಾಸದಿಂದಾಗಿ ನಿಮ್ಮ ಇಂಡೆಕ್ಸ್ ಪುಟವೇ ಬಂದಿರುತ್ತದೆ. ಸರ್ವರ್‌ನಲ್ಲಿ ಡಿಸ್‌ಪ್ಲೇ ಎರರ್ಸ್ ಆಫ್ ಮಾಡಿ, ತಪ್ಪುಗಳು ಲಾಗ್ ಫೈಲಿಗೆ ಹೋಗಲಿ.

ಎಚ್‌ಟಿಟಿಪಿಎಸ್ ಬೇಕೇ ಬೇಕು, ಅದಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರ ಪುಕ್ಕಟೆ ಸಿಗುತ್ತದೆ. ಕೊನೆಗೆ ಮನೆಯ ವೈಫೈ ಬಂದ್ ಮಾಡಿ, ಮೊಬೈಲ್ ಡೇಟಾದಲ್ಲಿ, ನಿಮ್ಮದಲ್ಲದ ಒಂದು ಫೋನಿನಿಂದ, ಕನ್ನಡದಲ್ಲಿ ಹೆಸರು ಬರೆದು ಒಂದು ಆರ್ಡರ್ ಹಾಕಿ. ಪಿಎಚ್‌ಪಿ ಮೈ ಅಡ್ಮಿನ್ (ಡೇಟಾಬೇಸ್ ನೋಡುವ ಪುಟ) ತೆರೆದು ಹೆಸರು, ಒತ್ತಕ್ಷರದ ಸಮೇತ, ಸರಿಯಾಗಿ ಕೂತಿದೆಯಾ ನೋಡಿ. ನೋಡಿದ ತಕ್ಷಣ ಆ ಆರ್ಡರ್ ಅಳಿಸಿಬಿಡಿ. ನಾನು ಅಳಿಸುವ ಹೊತ್ತಿಗೆ ಅಕ್ಕ ಆಗಲೇ ಐವತ್ತು ರೊಟ್ಟಿಯ ಹಿಟ್ಟಿಗೆ ಎಸರು ಇಟ್ಟಿದ್ದಳು.