ಫ್ರಿಜ್ಜಿನಿಂದ ತೆಗೆದ ಹನಿ

ಕೊಡಗಿನ ಸೋಮವಾರಪೇಟೆಯ ಸಣ್ಣ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಕಕ್ಕಡ ತಿಂಗಳ ಮಳೆ ಹಿಡಿದರೆ ಗಂಟುನೋವಿನವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಚೀಟಿಯಲ್ಲಿ ‘ಆರ್‌ಎ ಫ್ಯಾಕ್ಟರ್’ ಅಂತಿರುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಗಂಟುಗಳ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತದ ಸುಳಿವು ಹುಡುಕುವ ಪರೀಕ್ಷೆ ಅದು.

ಈ ಫ್ಯಾಕ್ಟರ್ ದಾರಿ ತಪ್ಪಿದ ಪ್ರತಿಕಾಯ. ರೋಗಾಣುವನ್ನು ಹಿಡಿಯುವ ಬದಲು ನಮ್ಮದೇ ಐಜಿಜಿ ಪ್ರತಿಕಾಯದ ಬಾಲ ಹಿಡಿಯುತ್ತದೆ. ಕಿಟ್‌ನ ಲ್ಯಾಟೆಕ್ಸ್ ಕಣಗಳ ಮೇಲೆ ಐಜಿಜಿ ಅಂಟಿಸಿರುತ್ತಾರೆ, ಫ್ಯಾಕ್ಟರ್ ಇದ್ದರೆ ಅದು ಆ ಐಜಿಜಿ ಹಿಡಿದು ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಕಪ್ಪು ಸ್ಲೈಡ್ ಮೇಲೆ ಒಂದು ಹನಿ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಒಂದು ಹನಿ ಲ್ಯಾಟೆಕ್ಸ್ ಹಾಕಿ, ಕಡ್ಡಿಯಲ್ಲಿ ಕಲಸಿ, ಎರಡು ನಿಮಿಷ ತೂಗಿಸಬೇಕು. ಒಡೆದ ಹಾಲಿನಂತೆ ಹರಳುಹರಳಾದರೆ ಪಾಸಿಟಿವ್. ಎರಡು ನಿಮಿಷ ಮೀರಿದರೆ ಹನಿಯ ಅಂಚು ಒಣಗಿ ನೆಗೆಟಿವ್ ಕೂಡ ಪಾಸಿಟಿವ್‌ನಂತೆ ಕಾಣುತ್ತದೆ.

ನಾನು ಎಡವಿದ್ದು ಇನ್ನೊಂದು ಕಡೆ. ಒಂದು ಚಳಿ ಬೆಳಿಗ್ಗೆ ತೋಟದ ಕಾರ್ಮಿಕರ ಲೈನ್‌ಮನೆಯ ಅಕ್ಕ ಬಂದಿದ್ದರು. “ಎದ್ದ ಮೇಲೆ ಒಂದು ಗಂಟೆ ಬೆರಳು ಮಡಚೋಕೇ ಬರಲ್ಲ ಅಣ್ಣ, ಈ ಸಲ ಕಾಫಿ ಕುಯ್ಯೋದು ಹೆಂಗೆ?” ಬಸ್ಸಿಗೆ ಹೊತ್ತಾಯಿತು ಎಂದು ಅವಸರಿಸಿದರು. ಫ್ರಿಜ್ಜಿನಿಂದ ತೆಗೆದ ಲ್ಯಾಟೆಕ್ಸನ್ನು ಹಾಗೇ ಹಾಕಿದೆ, ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲನ್ನು ಪಕ್ಕದಲ್ಲಿ ಇಡಲಿಲ್ಲ. ನೆಗೆಟಿವ್ ಎಂದು ಬರೆದುಕೊಟ್ಟೆ.

ಮುಂದಿನ ಸ್ಯಾಂಪಲ್ ಜೊತೆ ಪಾಸಿಟಿವ್ ಕಂಟ್ರೋಲ್ ಇಟ್ಟೆ. ಅದೂ ಹರಳಾಗಲಿಲ್ಲ! ತಣ್ಣಗಿನ ಲ್ಯಾಟೆಕ್ಸ್ ಎರಡು ನಿಮಿಷದಲ್ಲಿ ಎಚ್ಚರಗೊಂಡೇ ಇರಲಿಲ್ಲ. ಬಾಟಲಿಯನ್ನು ಅರ್ಧ ಗಂಟೆ ಹೊರಗಿಟ್ಟು ಅಕ್ಕನ ಸೀರಂ ಮತ್ತೆ ಹಾಕಿದೆ. ಎಂಟು ಪಟ್ಟು ತೆಳು ಮಾಡಿದರೂ ಹರಳು, ಅಂದರೆ ನಮ್ಮ ಕಿಟ್ ಹಿಡಿಯುವ ಕನಿಷ್ಠ 8ರ ಎಂಟು ಪಟ್ಟು, ಮಿಲಿಲೀಟರಿಗೆ 64 ಯೂನಿಟ್. ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿ, ತಪ್ಪು ನನ್ನದೇ ಎಂದು ಹೇಳಿ ಹೊಸ ರಿಪೋರ್ಟ್ ಕೊಟ್ಟೆ.

ಸರಿಯಾಗಿ ಮಾಡಿದರೂ ಈ ಪರೀಕ್ಷೆ ಅರ್ಧ ಮಾತು ಮಾತ್ರ ಹೇಳುತ್ತದೆ. ಆರೋಗ್ಯವಾಗಿರುವ ಮುದುಕರಲ್ಲಿ, ಹೆಪಟೈಟಿಸ್ ಸಿ ಇದ್ದವರಲ್ಲಿ ಕೂಡ ಪಾಸಿಟಿವ್ ಬರಬಹುದು. ರುಮಟಾಯ್ಡ್ ಸಂಧಿವಾತ ಇದ್ದೂ ನೂರರಲ್ಲಿ 20–30 ಜನರಿಗೆ ಫ್ಯಾಕ್ಟರ್ ಸಿಗುವುದಿಲ್ಲ. ಹಾಗಾಗಿ ಡಾಕ್ಟರು ಆಂಟಿ ಸಿಸಿಪಿ ಎಂಬ ಇನ್ನೊಂದು ರಕ್ತ ಪರೀಕ್ಷೆ ಬರೆಯುತ್ತಾರೆ. ಅದು ಹುಡುಕುವುದು ಒಳಗಿನ ಆರ್ಜಿನಿನ್ ಸಿಟ್ರುಲಿನ್ ಆಗಿ ರೂಪ ಬದಲಿಸಿದ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು. ಸಿಕ್ಕರೆ ರುಮಟಾಯ್ಡ್ ಎಂಬ ಅನುಮಾನ ಹೆಚ್ಚು ಗಟ್ಟಿ. ನಮ್ಮಲ್ಲಿ ಮೆಷಿನ್ ಇಲ್ಲ, ಸ್ಯಾಂಪಲ್ ಮೈಸೂರಿಗೆ ಹೋಗುತ್ತದೆ. ಅಕ್ಕನದು ಅದೂ ಪಾಸಿಟಿವ್ ಬಂತು.

ಈಗ ಅವರು ರೋಗವನ್ನು ಹಿಡಿತದಲ್ಲಿಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಾರೆ. ಆ ಗುಳಿಗೆ ಲಿವರಿಗೆ ತೊಂದರೆ ಮಾಡಬಹುದಾದ್ದರಿಂದ ಲಿವರ್ ಪರೀಕ್ಷೆಗೆಂದು ನಮ್ಮಲ್ಲಿಗೆ ಬರುತ್ತಾರೆ. “ಆ ಗಂಟಿನ ನಂಬರ್ ಇಳಿದಿದೆಯಾ, ಇನ್ನೊಮ್ಮೆ ನೋಡಿ ಅಣ್ಣ” ಎನ್ನುತ್ತಾರೆ. ಅದಕ್ಕೆ ದುಡ್ಡು ಹಾಕಬೇಡಿ ಅಕ್ಕ, ಊತ ಇಳಿದದ್ದು ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆಗಳಲ್ಲಿ ಗೊತ್ತಾಗುತ್ತೆ ಎಂದು ಪ್ರತಿ ಸಲ ಹೇಳುತ್ತೇನೆ.